ಅತ್ತೆಯನ್ನು ಹಟ್ಟಿಗೆ ಕರೆದುಕೊಂಡು ಹೋಗುವ ಕ್ರಮ

ಸಂಜೆ ಐದಾಗುವಾಗ ನಮ್ಮ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ "ನಾನು ಮನೆಗೆ ಹೊರಟೆ" ಎಂದು ಎದ್ದುಬಿಡುತ್ತಿದ್ದರು. 60 ವರ್ಷದಿಂದ ಅವರ ಮನೆ ಇದೇ, ಕಾಸರಗೋಡಿನ ಪೆರ್ಲದ ಹತ್ತಿರದ ಈ ಅಡಿಕೆ ತೋಟದ ನಡುವೆ. ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಇರುವವರಿಗೆ ಹೊತ್ತು ಮುಳುಗುವಾಗ ಇಂಥ ಚಡಪಡಿಕೆ ಹೆಚ್ಚುವುದುಂಟು. ತಡೆದರೆ ಅಳು, ವಾದಿಸಿದರೆ ಸಿಟ್ಟು. ನಮಗೆ ದಾರಿ ಸಿಕ್ಕಿದ್ದು ಹಟ್ಟಿಯಲ್ಲಿ, ಅಂದರೆ ದನದ ಕೊಟ್ಟಿಗೆಯಲ್ಲಿ. ಇದು ಮದ್ದಲ್ಲ, ಕಾಯಿಲೆ ಇದರಿಂದ ಗುಣವಾಗುವುದಿಲ್ಲ. ಆ ಒಂದು ಹೊತ್ತು ಅವರ ಮುಖ ಹಗುರಾಗುತ್ತದೆ, ನನಗೆ ಅಷ್ಟು ಸಾಕು.

ನಿಮ್ಮ ಮನೆಯ ಹಿರಿಯರ ಕೈಗೆ ಯಾವ ಪ್ರಾಣಿ, ಯಾವ ಗಿಡದ ರೂಢಿ ಇತ್ತೆಂದು ಮೊದಲು ಯೋಚಿಸಿ. ಹೆಸರು, ಇಸವಿ ಅಳಿಸಿದ ಮೇಲೂ ಕೈಗೆ ಪಳಗಿದ ಕೆಲಸ ಬಹಳ ಕಾಲ ಉಳಿಯುತ್ತದೆ. ಇದು ತಿಳಿಯದೆ ನಾವು ಮೊದಲು ನಾಯಿಮರಿ ತಂದೆವು. ನಾಯಿಯನ್ನು ಜಗಲಿಗೂ ಹತ್ತಿಸದವರು ಅತ್ತೆ. ಮರಿ ಕಾಲಿಗೆ ಸುತ್ತಿದಾಗ ಹೆದರಿ ನಡುಗಿದರು. ಆ ದಿನದ ಬೇಸರ ನನಗಿನ್ನೂ ಹೋಗಿಲ್ಲ.

ನಮ್ಮಲ್ಲಿರುವುದು ಕಾಸರಗೋಡು ಗಿಡ್ಡ ತಳಿಯ ವಯಸ್ಸಾದ ದನ. ಗಿಡ್ಡ ಆದ್ದರಿಂದ ಕುರ್ಚಿಯಲ್ಲಿ ಕೂತಲ್ಲಿಂದಲೇ ಅದರ ಕುತ್ತಿಗೆಗೆ ಕೈ ಎಟಕುತ್ತದೆ. ಹೊಸದಾಗಿ ಕರು ಹಾಕಿದ ದನದ ಹತ್ತಿರ ಖಂಡಿತ ಕೂರಿಸಬೇಡಿ. ಹಗ್ಗ ಗಿಡ್ಡ ಮಾಡಿ ಕಟ್ಟಿ, ಕುರ್ಚಿಯನ್ನು ಅದರ ಭುಜದ ಪಕ್ಕಕ್ಕೆ ಹಾಕಿ. ಹಿಂಗಾಲಿನ ಕಡೆಗೂ ಬೇಡ, ಕೊಂಬಿನ ಎದುರಿಗೂ ಬೇಡ. ನೀವು ಕೈಗೆಟಕುವಷ್ಟು ಹತ್ತಿರ ನಿಂತಿರಿ. ಚಡಪಡಿಕೆ ಶುರುವಾಗುವ ಮೊದಲೇ, ನಾಲ್ಕೂವರೆಗೆ, ನಾವು ಹೊರಡುತ್ತೇವೆ. ದಿನವೂ ಅದೇ ದಾರಿ, ಅದೇ ಕುರ್ಚಿ, ಇಪ್ಪತ್ತು ನಿಮಿಷ. ಕಾಲಿಗೆ ಹಿಂದೆ ಪಟ್ಟಿ ಇರುವ ಚಪ್ಪಲಿ ಬೇಕೇ ಬೇಕು: ಹಟ್ಟಿಯ ನೆಲ ಜಾರುತ್ತದೆ, ಇಲಿಜ್ವರದ ಭಯವೂ ಇದೆ. ವಾಪಸು ಬಂದೊಡನೆ ಸೋಪು ಹಾಕಿ ಕೈಕಾಲು ತೊಳೆಸಿ.

"ಈ ದನದ ಹೆಸರೇನು, ನೆನಪಿದೆಯಾ?" ಎಂದು ಕೇಳಲೇಬೇಡಿ. ಪರೀಕ್ಷೆಯಲ್ಲಿ ಸೋತ ಮಗುವಿನ ಹಾಗಾಗುತ್ತಾರೆ. ನಾನು ಏನೂ ಹೇಳದೆ ಒಂದು ಹಿಡಿ ಹಸಿ ಹುಲ್ಲು ಕೈಗಿಡುತ್ತೇನೆ. ಉಳಿದದ್ದನ್ನು ಆ ಕೈಯೇ ಮಾಡುತ್ತದೆ: ಮಣ್ಣು ಕೊಡವುತ್ತದೆ, ಗಂಗೆದೊಗಲು ನೀವುತ್ತದೆ, ಕಿವಿಯ ಸಂದಿಯಲ್ಲಿ ಉಣ್ಣಿ ಹುಡುಕುತ್ತದೆ. ಒಮ್ಮೆ ಕೇಳಿದರು, "ಕಾಳಿಗೆ ಅಕ್ಕಚ್ಚು ಇಟ್ಟಾಯಿತಾ?" ಅಕ್ಕಚ್ಚೆಂದರೆ ದನಕ್ಕೆ ಕುಡಿಯಲು ಇಡುವ ಕಲಗಚ್ಚು. ಕಾಳಿ ನಮ್ಮ ಹಳೆಯ ದನ, ಅದು ಸತ್ತು ಎಷ್ಟೋ ವರ್ಷವಾಗಿದೆ. "ಇಲ್ಲ ಅತ್ತೆ, ನೀವೇ ಇಡಿ" ಎಂದೆ. ಬಾಲ್ದಿಗೆ ಕೈ ಹಾಕಿ ಬಿಸಿ ಎಷ್ಟಿದೆಯೆಂದು ನೋಡಿಯೇ ಮುಂದೆ ಸರಿಸಿದರು.

ದನವಿಲ್ಲದ ಮನೆಯಲ್ಲಿ ಮೀನಿನ ತೊಟ್ಟಿಯೂ ಆದೀತು. ಅಮೆರಿಕದ ಆರೈಕೆ ಮನೆಗಳಲ್ಲಿ ಊಟದ ಜಾಗದಲ್ಲಿ ಮೀನಿನ ತೊಟ್ಟಿ ಇಟ್ಟಾಗ ಆಲ್‌ಝೈಮರ್ (ಡಿಮೆನ್ಶಿಯಾದ ಒಂದು ಬಗೆ) ಇರುವವರು ಹೆಚ್ಚು ಉಂಡರು ಎಂದು 2002ರ ಒಂದು ಅಧ್ಯಯನ ಹೇಳಿತು. ಅಬ್ಬಲಿಗೆ (ಕನಕಾಂಬರ) ಹೂ, ಬಾಳೆನಾರು ಕೊಟ್ಟರೂ ಸರಿ. ಮಾಲೆ ಸಡಿಲಾದರೆ ಅವರೆದುರು ಬಿಚ್ಚಿ ಕಟ್ಟಬೇಡಿ.

ತೋಟಕ್ಕೆ ಕರೆದೊಯ್ಯುವ ಮೊದಲು ಬಾವಿಯ ಕಟ್ಟೆ, ಕೆರೆಯ ಬದಿ, ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದ ಬಾಯಿ ಇವಕ್ಕೆ ಬೇಲಿ ಹಾಕಿ. ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುವ ಹಂತ ಬಂದಿದ್ದರೆ ಅಂಗಳದ ಕಣಗಿಲೆ ಗಿಡ ಕಿತ್ತುಬಿಡಿ. ಅದರ ಎಲೆ, ಹೂ ಎಲ್ಲ ವಿಷ. ಅದಕ್ಕೇ 2024ರಲ್ಲಿ ಕೇರಳದಲ್ಲಿ ದೇವಸ್ಥಾನಗಳನ್ನು ನೋಡಿಕೊಳ್ಳುವ ದೇವಸ್ವಂ ಮಂಡಳಿಗಳು ಪ್ರಸಾದ, ನೈವೇದ್ಯದಲ್ಲಿ ಆ ಹೂವನ್ನು ನಿಲ್ಲಿಸಿದ್ದು.

ಬೇಡವೆಂದು ಮುಖ ತಿರುಗಿಸಿದ ದಿನ ಒತ್ತಾಯ ಬೇಡ. ಆದರೆ ಒಂದೆರಡು ದಿನದೊಳಗೆ ಗಲಿಬಿಲಿ ಒಮ್ಮೆಲೇ ಹೆಚ್ಚಿದರೆ ಕಾಯಿಲೆ ಬೆಳೆಯಿತೆಂದು ಸುಮ್ಮನಿರಬೇಡಿ. ಮೂತ್ರದ ಸೋಂಕು ಇರಬಹುದು, ಡಾಕ್ಟರಿಗೆ ತೋರಿಸಿ.

ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳ ದಾಟಿಸುವುದಿಲ್ಲ. ಹುಲ್ಲಿನ ಕಟ್ಟನ್ನು ಜಗಲಿಗೇ ತಂದು ಮಡಿಲಲ್ಲಿಡುತ್ತೇನೆ. ಒಂದೊಂದೇ ಎಸಳು ಬಿಡಿಸಿ ಸಾಲಾಗಿ ಜೋಡಿಸುತ್ತಾರೆ. ಮಳೆ ಸ್ವಲ್ಪ ಬಿಟ್ಟಾಗ ನಾನು ಅದನ್ನು ಹಟ್ಟಿಗೆ ಒಯ್ಯುತ್ತೇನೆ, "ಚೂರೂ ಬಿಡದೆ ತಿಂದಿತು ಅತ್ತೆ" ಎಂದು ಬಂದು ಹೇಳುತ್ತೇನೆ.