ಮೊದಲ ಕಾರು: ಶೋರೂಂ ದರ ನೋಡಿ ಬಜೆಟ್ ಹಾಕಬ್ಯಾಡ್ರಿ

ಹುಬ್ಬಳ್ಳಿ-ಧಾರವಾಡದಾಗ ಮೊದಲ ಸಲ ಕಾರು ತಗೊಳ್ಳೋರು ಎಕ್ಸ್-ಶೋರೂಂ ದರಾನ (ತೆರಿಗೆ, ವಿಮೆ ಸೇರಿಸದ ಶೋರೂಂ ಬೆಲೆ) ಪೂರ್ತಿ ಖರ್ಚು ಅಂತ ತಿಳೀಬ್ಯಾಡ್ರಿ. 8 ಲಕ್ಷದ ಪೆಟ್ರೋಲ್ ಗಾಡಿಗೆ ನಮ್ಮ ರಾಜ್ಯದ ಆಜೀವ ತೆರಿಗೆನ 14%, ಅಂದ್ರ 1.12 ಲಕ್ಷ. ಅದರ ಮ್ಯಾಲೆ ಸೆಸ್, ವಿಮೆ, ಫಾಸ್ಟ್ಯಾಗ್ ಬ್ಯಾರೆ. ವಿಮೆ ಡೀಲರ್ ಕಡೇನ ಮಾಡಿಸಬೇಕಂತಿಲ್ಲ, ಹೊರಗಿನ ಕೊಟೇಶನ್ ಕೈಯಾಗ ಇಟ್ಕೊಂಡು ಮಾತಾಡ್ರಿ.

ಸಾಲ 5 ವರ್ಷ ದಾಟಬಾರದು. 7 ಲಕ್ಷಕ್ಕ 9% ಬಡ್ಡಿ ಅಂದ್ರ 5 ವರ್ಷಕ್ಕ ಕಂತು ಸುಮಾರು 14,530, ಒಟ್ಟು ಬಡ್ಡಿ 1.72 ಲಕ್ಷ. 7 ವರ್ಷಕ್ಕ ಕಂತು 11,260ಕ್ಕ ಇಳೀತೈತಿ ಖರೆ, ಆದ್ರ ಬಡ್ಡಿ 2.46 ಲಕ್ಷ ಆಗ್ತೈತಿ.

ದಿನಾ ವಿದ್ಯಾನಗರದಿಂದ ದುರ್ಗದಬೈಲಿಗೆ ಅಷ್ಟ ಓಡಾಟ ಇದ್ರ ಡೀಸೆಲ್ ಬ್ಯಾಡ. ಬಿಎಸ್-6 (ಈಗಿನ ಹೊಗೆ ಮಾಲಿನ್ಯ ನಿಯಮ) ಡೀಸೆಲ್ ಗಾಡಿಯಾಗ ಹೊಗೆಯ ಮಸಿ ಹಿಡಿಯೋ ಡಿಪಿಎಫ್ ಅನ್ನೋ ಫಿಲ್ಟರ್ ಇರತೈತಿ. ಅದರಾಗಿನ ಮಸಿ ಸುಡಾಕ ಹೈವೇದಾಗ ಒಂದೇ ವೇಗದಾಗ ಓಡಬೇಕು. ಸಣ್ಣ ಓಡಾಟದಾಗ ಅದು ಕಟ್ಕೊಂತದ, ದುರಸ್ತಿ ಭಾಳ ದುಬಾರಿ.

ನೋಂದಣಿಗಿಂತ ಮೊದಲ ಡೀಲರ್ ಗಾಡಿ ನಿಲ್ಲಿಸೋ ಯಾರ್ಡಿಗೆ ಹೋಗಿ ಹಗಲು ಬೆಳಕಿನಾಗ ಗಾಡಿ ನೋಡ್ರಿ. ಟೈರ್ ಬದಿಯಾಗ 1225 ಅಂತ ಇದ್ರ ಆ ಟೈರ್ 2025ರ 12ನೇ ವಾರದಾಗ ತಯಾರಾದದ್ದು. ಸ್ಟೆಪ್ನಿ ಸೇರಿ ಐದೂ ನೋಡ್ರಿ. ಚಾಸಿ ನಂಬರ್ ಬಿಲ್ಲಿನ ಜೋಡಿ ತಾಳೆ ಮಾಡ್ರಿ. ನೋಂದಣಿ ನಂಬರ್ ಬಿದ್ದ ಮ್ಯಾಲೆ ಗಾಡಿ ಬದಲಿ ಸಿಗೋದು ಭಾಳ ಕಷ್ಟ.