ಚೀಟಿಯಲ್ಲಿ ಬರೆದ ಹಲ್ಲು ಯಾವುದು?

ಮುಂಬೈ ಬಳಿಯ ಡೊಂಬಿವಲಿಯ ನನ್ನ ದಂತ ಚಿಕಿತ್ಸಾಲಯಕ್ಕೆ ಕನ್ನಡಿಗರು ಬಹಳ ಮಂದಿ ಬರುತ್ತಾರೆ. 'ಆರ್‌ಸಿಟಿ 46' (46 ಸಂಖ್ಯೆಯ ಹಲ್ಲಿಗೆ ರೂಟ್ ಕೆನಾಲ್ ಚಿಕಿತ್ಸೆ) ಎಂದು ಬರೆದ ಚೀಟಿಯನ್ನು ಹೆಚ್ಚಿನವರು ಓದದೆಯೇ ಮಡಚಿ ಜೇಬಿಗಿಡುತ್ತಾರೆ. ಅದು ನನಗೆ ಸಹಿಸದು. ಬಾಯಿ ಅವರದು, ದುಡ್ಡೂ ಅವರದು. ಹಾಗಾಗಿ ಕೈಗನ್ನಡಿ ಕೊಟ್ಟು, ಮೊದಲು ಸಂಖ್ಯೆ ಓದುವುದನ್ನು ಹೇಳಿಕೊಡುತ್ತೇನೆ.

ವಯಸ್ಕರ ಬಾಯಲ್ಲಿ ಇರುವುದೇ 32 ಹಲ್ಲು; 46 ಎಲ್ಲಿಂದ ಬಂತು? ಅದನ್ನು ನಾಲ್ಕು, ಆರು ಎಂದು ಬಿಡಿಸಿ ಓದಬೇಕು. ಮೊದಲ ಅಂಕಿ ಬಾಯಿಯ ಭಾಗ: ರೋಗಿಯ ಬಲ ಮೇಲ್ದವಡೆ 1, ಎಡ ಮೇಲ್ದವಡೆ 2, ಎಡ ಕೆಳದವಡೆ 3, ಬಲ ಕೆಳದವಡೆ 4. ಎರಡನೆಯದು ಮುಂಭಾಗದ ನಡುವಿನಿಂದ ಹಿಂದಕ್ಕೆ ಎಣಿಕೆ. ನಾಲಗೆಯ ತುದಿಯಿಂದ ಒಂದೊಂದೇ ಹಲ್ಲನ್ನು ಮುಟ್ಟುತ್ತಾ ಹೋಗಿ ಎನ್ನುತ್ತೇನೆ. ಆರನೆಯದಕ್ಕೆ ತಲುಪಿದಾಗ ನೋವಿರುವ ಹಲ್ಲು ತಾನಾಗಿಯೇ ಸಿಗುತ್ತದೆ.

ಮಕ್ಕಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಹಾಲುಹಲ್ಲುಗಳ ಸಂಖ್ಯೆ 5ರಿಂದ 8ರೊಳಗಿನ ಅಂಕಿಯಿಂದ ಆರಂಭವಾಗುತ್ತದೆ. ಎಂಟು ವರ್ಷದ ಹುಡುಗನನ್ನು ಕರೆತಂದ ತಾಯಿಯೊಬ್ಬರು, "ಹಾಲುಹಲ್ಲಲ್ಲವೇ ಡಾಕ್ಟರೇ, ಹೇಗೂ ಬೀಳುವಂಥದ್ದು, ಕಿತ್ತುಬಿಡಿ" ಎಂದರು. ಹುಳುಕಾಗಿದ್ದದ್ದು 36. ಸುಮಾರು ಆರನೆಯ ವಯಸ್ಸಿಗೆ ಈ ದವಡೆಹಲ್ಲು ಹಾಲುಹಲ್ಲುಗಳ ಹಿಂದೆ ಮೂಡುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳುವುದಿಲ್ಲವಾದ್ದರಿಂದ ಮನೆಯವರಿಗೆ ಗೊತ್ತೇ ಆಗುವುದಿಲ್ಲ. "ಅಮ್ಮಾ, ಇದರ ಮುಂದಿನ ಎರಡು, 74 ಮತ್ತು 75, ಹಾಲುಹಲ್ಲುಗಳು. ಇದು ಮಾತ್ರ ಶಾಶ್ವತ. ಕಿತ್ತರೆ ಮತ್ತೆ ಹುಟ್ಟುವುದಿಲ್ಲ" ಎಂದೆ. ಮಗನ ಬಾಯಲ್ಲಿ ತಾವೇ ಎಣಿಸಿ ನೋಡಿದರು. ಹುಳುಕು ಇನ್ನೂ ಒಳಗಿನ ತಿರುಳಿಗೆ ಇಳಿದಿರಲಿಲ್ಲ, ಫಿಲ್ಲಿಂಗ್ ಸಾಕಾಯಿತು. ತಿರುಳು ಸರಿಪಡಿಸಲಾಗದಷ್ಟು ಕೆಟ್ಟ ಶಾಶ್ವತ ಹಲ್ಲನ್ನು ಉಳಿಸಿಕೊಳ್ಳುವ ದಾರಿಯೇ ರೂಟ್ ಕೆನಾಲ್, ಅಂದರೆ ಚೀಟಿಯ ಆರ್‌ಸಿಟಿ.

ಒಸಡಿನ ತಪಾಸಣೆಯಲ್ಲಿ ನಾನು ಗಟ್ಟಿಯಾಗಿ ಹೇಳುವ 'ಎರಡು, ಮೂರು, ಐದು' ಬೇರೆ ಲೆಕ್ಕ. ಅದು ಹಲ್ಲು ಮತ್ತು ಒಸಡಿನ ನಡುವಿನ ಸಂದಿನ ಆಳ, ಮಿಲಿಮೀಟರ್‌ಗಳಲ್ಲಿ. ಮೂರರವರೆಗೆ ಸಾಮಾನ್ಯ, ಐದು, ಆರು ಬಂದ ಕಡೆ ಸ್ಕೇಲಿಂಗ್, ಅಂದರೆ ಹಲ್ಲಿಗೆ ಅಂಟಿದ ಗಟ್ಟಿ ಪಾಚಿ ತೆಗೆಯುವುದನ್ನು, ಮುಂದೂಡುವಂತಿಲ್ಲ.

ಒಂದು ಎಚ್ಚರಿಕೆ: ಇಡೀ ದವಡೆಯ ಎಕ್ಸ್-ರೇ ಆದ ಓಪಿಜಿಯಲ್ಲಿ ನಿಮ್ಮ ಬಲಭಾಗ ಚಿತ್ರದ ಎಡಕ್ಕೆ ಕಾಣುತ್ತದೆ. ಅದಕ್ಕೇ ಹಲ್ಲು ಕೀಳುವ ಮುನ್ನ ರೋಗಿಯಿಂದಲೇ ಚೀಟಿಯ ಸಂಖ್ಯೆ ಓದಿಸಿ, ಆ ಹಲ್ಲಿನ ಮೇಲೆ ಬೆರಳಿಡಿಸುತ್ತೇನೆ. ಅರಿವಳಿಕೆಯ ಸೂಜಿ ಆಮೇಲೆ.