ಯೋಗಾಭ್ಯಾಸಕ್ಕೆ ನಿಮ್ಮ ಹೊತ್ತು ಗುರುತಿಸುವುದು ಹೇಗೆ?

ಯೋಗ ಕಲಿಯಬೇಕೆಂದು ಮನಸ್ಸು ಮಾಡಿದ ಬಹಳ ಜನ ಮೊದಲು ನಸುಕಿನ ನಾಲ್ಕೂವರೆಗೆ ಅಲಾರಂ ಇಡುತ್ತಾರೆ. ಒಂದು ವಾರ ಉತ್ಸಾಹ ಎಬ್ಬಿಸುತ್ತದೆ. ಎರಡನೇ ವಾರ ನಿದ್ದೆ ಸಾಲದೆ ದಿನವಿಡೀ ತೂಕಡಿಕೆ. ಮೂರನೇ ವಾರದ ಹೊತ್ತಿಗೆ ಚಾಪೆ ಮೂಲೆ ಸೇರಿರುತ್ತದೆ. ತಮಗೆ ಒಗ್ಗದ ಹೊತ್ತನ್ನು ಹಿಡಿದು, ಕೊನೆಗೆ ಯೋಗವನ್ನೇ ಬಿಟ್ಟವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಸೂರ್ಯೋದಯಕ್ಕೆ 96 ನಿಮಿಷ ಮೊದಲು ಆರಂಭವಾಗಿ 48 ನಿಮಿಷ ಇರುವ ಬ್ರಾಹ್ಮೀ ಮುಹೂರ್ತ ಧ್ಯಾನಕ್ಕೆ ಶ್ರೇಷ್ಠವೆಂಬ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹದಿನೈದನೇ ಶತಮಾನದ ಯೋಗಗ್ರಂಥ ‘ಹಠಯೋಗ ಪ್ರದೀಪಿಕೆ’ಯೇ ಪ್ರಾಣಾಯಾಮಕ್ಕೆ ಬೆಳಗ್ಗೆ, ಮಧ್ಯಾಹ್ನ, ಸಂಜೆ, ಮಧ್ಯರಾತ್ರಿ ಎಂದು ನಾಲ್ಕು ಹೊತ್ತು ಹೇಳಿದೆ. ಹಾಗಾಗಿ ನಸುಕಿನಲ್ಲಿ ಏಳಲಾಗದವರು ಅಳುಕಬೇಕಿಲ್ಲ.

ಮೊದಲು ಹೊಟ್ಟೆಯ ಲೆಕ್ಕ ಹಾಕಿ. ಪೂರ್ತಿ ಊಟವಾದ ಮೇಲೆ ಮೂರರಿಂದ ನಾಲ್ಕು ಗಂಟೆ, ಲಘು ಉಪಾಹಾರವಾದರೆ ಒಂದೂವರೆಯಿಂದ ಎರಡು ಗಂಟೆ ಬಿಡಬೇಕು. ನೀವು ಉಣ್ಣುವ ವೇಳೆಗಳನ್ನು ಒಂದು ಹಾಳೆಯ ಮೇಲೆ ಬರೆದರೆ, ಹೊಟ್ಟೆ ಹಗುರವಾಗಿರುವ ಎರಡು ಮೂರು ಬಿಡುವುಗಳು ತಾವಾಗಿಯೇ ಕಾಣುತ್ತವೆ. ಆಯ್ಕೆ ಅವುಗಳ ನಡುವೆ ಮಾತ್ರ. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯ ಅಭ್ಯಾಸದ ಬಗ್ಗೆ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

ಮುಂದಿನದು ಮೈಯ ಬಿಗಿತ. ಇದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ರಾತ್ರಿ ಮಲಗಿದ್ದಾಗ ಬೆನ್ನುಮೂಳೆಯ ನಡುವಿನ ಮೆತ್ತೆಗಳು ನೀರು ಹೀರಿ ಉಬ್ಬುತ್ತವೆ. ಬೆಳಗ್ಗೆ ನಮ್ಮ ಎತ್ತರ ಸಂಜೆಗಿಂತ ಒಂದು ಸೆಂಟಿಮೀಟರಿನಷ್ಟು ಹೆಚ್ಚಿರುವುದು ಅದಕ್ಕೇ. ಉಬ್ಬಿದ ಮೆತ್ತೆಯ ಮೇಲೆ ಮುಂದಕ್ಕೆ ಬಾಗಿದರೆ ಒತ್ತಡ ಜಾಸ್ತಿ. ಎದ್ದ ಕೂಡಲೇ, ಕಾಲು ಚಾಚಿ ಕೂತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನಕ್ಕೆ ಕೈಹಾಕಿ ಸೊಂಟ ಹಿಡಿಸಿಕೊಳ್ಳಬೇಡಿ. ಅರ್ಧ ಗಂಟೆಯಾದರೂ ಓಡಾಡಿ, ಸಂಧಿಗಳನ್ನು ಸಡಿಲಿಸಿ, ಸೂರ್ಯನಮಸ್ಕಾರವನ್ನು ನಿಧಾನವಾಗಿ ಆರಂಭಿಸಿ. ದೇಹದ ಉಷ್ಣತೆಯೂ ನಸುಕಿನಲ್ಲಿ ಅತಿ ಕಡಿಮೆ. ಇಳಿಹಗಲು ಮತ್ತು ಮುಸ್ಸಂಜೆಯ ನಡುವೆ ಅತಿ ಹೆಚ್ಚು. ಆಗ ಸ್ನಾಯುಗಳು ಮಾತು ಕೇಳುತ್ತವೆ. ಚಕ್ರಾಸನದಂಥ ಆಳವಾದ ಹಿಂಬಾಗುವಿಕೆಯನ್ನು ಕಲಿಯಲು ನಾನಂತೂ ಸಂಜೆಯನ್ನೇ ಸೂಚಿಸುತ್ತೇನೆ.

ಇನ್ನು ಹೊತ್ತಿಗೆ ತಕ್ಕ ಅಭ್ಯಾಸ. ರಭಸದ ಉಸಿರಾಟದ ಅಭ್ಯಾಸಗಳಾದ ಕಪಾಲಭಾತಿ, ಭಸ್ತ್ರಿಕಾ ಮೈಯನ್ನು ಎಚ್ಚರಿಸುತ್ತವೆ. ಅವು ಬೆಳಗಿನ ಖಾಲಿ ಹೊಟ್ಟೆಗೆ ಸರಿ, ಮಲಗುವ ಮುನ್ನ ಬೇಡ. ರಾತ್ರಿಗೆ ಗೋಡೆಗೆ ಕಾಲು ಚಾಚಿ ಮಲಗುವುದು, ಉಸಿರು ಬಿಡುವುದನ್ನು ದೀರ್ಘವಾಗಿಸುವುದು, ಶವಾಸನ ಸಾಕು.

ಈಗ ಒಂದು ಹೊತ್ತನ್ನು ಆರಿಸಿ ಎರಡು ವಾರ ಬದಲಿಸದೆ ನಡೆಸಿ. ದಿನವೂ ಮೂರೇ ವಿಷಯ ಬರೆದಿಡಿ: ರಾತ್ರಿ ನಿದ್ದೆ ಹೇಗಿತ್ತು, ಅಭ್ಯಾಸದಲ್ಲಿ ಮೈ ಎಷ್ಟು ಬಿಗಿಯಿತ್ತು, ಅಭ್ಯಾಸ ತಪ್ಪಿತೇ. ಮುಂದಿನ ಎರಡು ವಾರ ಇನ್ನೊಂದು ಹೊತ್ತನ್ನು ಪರೀಕ್ಷಿಸಿ. ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟಾಗ ಗೊಂದಲವಾದರೆ, ತಪ್ಪಿದ ದಿನಗಳು ಕಡಿಮೆ ಇರುವ ಹೊತ್ತನ್ನೇ ಹಿಡಿಯಿರಿ. ಬೆಳಗೇ ಬೇಕೆನಿಸಿದರೆ ದಿನಕ್ಕೆ ಹದಿನೈದು ನಿಮಿಷದಂತೆ ಬೇಗ ಮಲಗುತ್ತ ಬನ್ನಿ, ಅಲಾರಂ ಆಮೇಲೆ.

ರಾತ್ರಿ ಪಾಳಿಯವರಿಗೆ ಗಡಿಯಾರದ ಬೆಳಗು ಲೆಕ್ಕಕ್ಕಿಲ್ಲ. ನೀವು ನಿದ್ದೆ ಮುಗಿಸಿ ಎದ್ದ ಗಳಿಗೆಯೇ ನಿಮ್ಮ ಬೆಳಗು. ಅದು ಮಧ್ಯಾಹ್ನ ಎರಡಾಗಿದ್ದರೂ ಮೇಲಿನ ಲೆಕ್ಕವನ್ನೆಲ್ಲ ಅಲ್ಲಿಂದಲೇ ಶುರುಮಾಡಿ.